ಮಂಡಿ ಬದಲಾವಣೆಯ ನಂತರದ ಒಂದು ವರ್ಷ: ನಡಿಗೆಯನ್ನು ಮರಳಿ ಪಡೆಯುವ ಹಂತಗಳು

ಮಂಡಿ ಕೀಲು ಬದಲಾಯಿಸುವ ಶಸ್ತ್ರಚಿಕಿತ್ಸೆ ಒಂದೆರಡು ಗಂಟೆಗಳಲ್ಲಿ ಮುಗಿಯುತ್ತದೆ. ಚೇತರಿಕೆಗೆ ಮಾತ್ರ ಹೆಚ್ಚುಕಡಿಮೆ ಒಂದು ವರ್ಷ ಬೇಕು, ಕೆಲವರಿಗೆ ಅದಕ್ಕಿಂತ ತುಸು ಹೆಚ್ಚೇ. ಮೊದಲ ಮೂರು ತಿಂಗಳಲ್ಲಿ ಸುಧಾರಣೆ ಕಣ್ಣಿಗೆ ಕಾಣುವಷ್ಟು ವೇಗವಾಗಿರುತ್ತದೆ: ವಾಕರ್ ಹೋಗಿ ಊರುಗೋಲು ಬರುತ್ತದೆ, ಆಮೇಲೆ ಊರುಗೋಲೂ ಮೂಲೆ ಸೇರುತ್ತದೆ, ಗಾಯ ಮಾಯುತ್ತದೆ, ವರ್ಷಗಟ್ಟಲೆ ಕಾಡಿದ ಸವೆತದ ನೋವು ಈಗ ಇಲ್ಲವೆಂಬುದು ನಿಧಾನವಾಗಿ ಅರಿವಿಗೆ ಬರುತ್ತದೆ. ಆ ಹೊತ್ತಿಗೆ ಫಿಸಿಯೋಥೆರಪಿಸ್ಟರ ಭೇಟಿಗಳು ಮುಗಿದಿರುತ್ತವೆ, ಮನೆಯವರ ಒತ್ತಾಯವೂ ಸಡಿಲಗೊಂಡಿರುತ್ತದೆ. ನಡೆದಾಡುವುದಕ್ಕೆ ಬಂತಲ್ಲ, ಇನ್ನೇನು ಬೇಕು ಎಂದುಕೊಂಡು ಬಹಳಷ್ಟು ಜನ ವ್ಯಾಯಾಮವನ್ನು ಅಲ್ಲಿಗೇ ಕೈಬಿಡುತ್ತಾರೆ. ಆದರೆ ತೊಡೆಯ ಬಲ ಆಗಿನ್ನೂ ಪೂರ್ತಿ ಮರಳಿರುವುದಿಲ್ಲ, ಮತ್ತು ಮುಂದಿನ ವರ್ಷಗಳಲ್ಲಿ ಮೆಟ್ಟಿಲನ್ನು ಹೇಗೆ ಇಳಿಯುತ್ತೇವೆ, ತಗ್ಗಿನ ಆಸನದಿಂದ ಕೈಯೂರದೆ ಏಳುತ್ತೇವೆಯೇ, ಎಡವಿದಾಗ ಸಾವರಿಸಿಕೊಳ್ಳುತ್ತೇವೆಯೇ ಎಂಬುದು ಬಹುಮಟ್ಟಿಗೆ ಆ ಬಲವನ್ನೇ ಅವಲಂಬಿಸಿದೆ. ಆದ್ದರಿಂದ ಈ ಲೇಖನದಲ್ಲಿ ಮೊದಲ ವಾರಗಳ ವಿಷಯವನ್ನು ಅಗತ್ಯವಿದ್ದಷ್ಟೇ ಹೇಳಿ, ನಂತರದ ತಿಂಗಳುಗಳಿಗೆ ಹೆಚ್ಚಿನ ಜಾಗ ಕೊಟ್ಟಿದ್ದೇನೆ.

ಇಲ್ಲಿರುವುದು ಪೂರ್ಣ ಮಂಡಿ ಬದಲಾವಣೆಯಾದ, ವಿಶೇಷ ತೊಡಕುಗಳಿಲ್ಲದ ವ್ಯಕ್ತಿಗೆ ಅನ್ವಯಿಸುವ ಸಾಮಾನ್ಯ ಕ್ರಮ. ಹಳೆಯ ಕೃತಕ ಕೀಲನ್ನು ತೆಗೆದು ಹೊಸದನ್ನು ಹಾಕಿದ್ದರೆ, ಎರಡೂ ಮಂಡಿಗಳಿಗೆ ಒಟ್ಟಿಗೆ ಶಸ್ತ್ರಚಿಕಿತ್ಸೆಯಾಗಿದ್ದರೆ ಅಥವಾ ಕಾಲಿನ ಮೇಲೆ ಭಾರ ಹಾಕುವುದಕ್ಕೆ ವೈದ್ಯರು ಮಿತಿ ಹೇಳಿದ್ದರೆ, ಅವರ ಸೂಚನೆಯೇ ಅಂತಿಮ.

ಒಳಗೆ ಆಗಿರುವುದೇನು

ಸವೆದ ಮೂಳೆಯ ತುದಿಗಳನ್ನು ತೆಳುವಾಗಿ ಕತ್ತರಿಸಿ, ತೊಡೆಮೂಳೆಯ ಕೆಳತುದಿಗೆ ಸಾಮಾನ್ಯವಾಗಿ ಕೋಬಾಲ್ಟ್ ಕ್ರೋಮಿಯಂ ಮಿಶ್ರಲೋಹದ ಹೊದಿಕೆಯನ್ನೂ, ಕೆಳಗಾಲಿನ ಮೂಳೆಯ ಮೇಲ್ತುದಿಗೆ ಲೋಹದ ತಟ್ಟೆಯನ್ನೂ ಕೂರಿಸಿ, ನಡುವೆ ಪಾಲಿಎಥಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಪದರವನ್ನು ಇಡಲಾಗಿರುತ್ತದೆ. ಲೋಹ ಮತ್ತು ಪ್ಲಾಸ್ಟಿಕ್ ಮೊದಲ ದಿನದಿಂದಲೇ ಭಾರ ಹೊರಲು ಸಿದ್ಧ. ಸಿದ್ಧವಿಲ್ಲದಿರುವುದು ಅವುಗಳ ಸುತ್ತಲಿನ ದೇಹ. ಕೀಲಿನ ಸುತ್ತಲಿನ ಚೀಲವನ್ನು ಕೊಯ್ದು ಮತ್ತೆ ಹೊಲಿದಿರುತ್ತಾರೆ, ಮಂಡಿಚಿಪ್ಪನ್ನು ಪಕ್ಕಕ್ಕೆ ಸರಿಸಿ ಮತ್ತೆ ಜಾಗಕ್ಕೆ ತಂದಿರುತ್ತಾರೆ.

ತೊಡೆಯ ಮುಂಭಾಗದ ಸ್ನಾಯು ಸಮೂಹಕ್ಕೆ ಕ್ವಾಡ್ರಿಸೆಪ್ಸ್ ಎನ್ನುತ್ತಾರೆ. ಮಂಡಿಯನ್ನು ನೀಡುವುದೂ, ನಾವು ನಿಂತಾಗ ಅದು ಕುಸಿಯದಂತೆ ಹಿಡಿಯುವುದೂ ಅದೇ. ಶಸ್ತ್ರಚಿಕಿತ್ಸೆಯ ನಂತರದ ಮೊದಲ ತಿಂಗಳಲ್ಲಿ ಇದರ ಬಲ, ಮೊದಲಿದ್ದುದಕ್ಕೆ ಹೋಲಿಸಿದರೆ, ಅರ್ಧಕ್ಕಿಂತ ಕೆಳಗೆ ಇಳಿಯಬಹುದೆಂದು ಅಳೆದು ನೋಡಿದ್ದಾರೆ. ಸ್ನಾಯು ಕರಗುವುದು ಇದಕ್ಕೆ ಒಂದು ಕಾರಣ ಮಾತ್ರ. ಕೀಲಿನಲ್ಲಿ ಊತ ಮತ್ತು ನೋವು ಇರುವಷ್ಟು ಕಾಲ ನರಮಂಡಲವೇ ಆ ಸ್ನಾಯುವನ್ನು ಪೂರ್ತಿ ಬಿಗಿಯಗೊಡದೆ ತಡೆಹಿಡಿಯುತ್ತದೆ. ಕಾಲು ಎತ್ತಲು ಮನಸ್ಸು ಹೇಳಿದರೂ ತೊಡೆ ಕೇಳುವುದಿಲ್ಲ ಎಂದು ರೋಗಿಗಳು ದೂರುವುದು ಇದಕ್ಕಾಗಿಯೇ. ಊತ ಇಳಿಸುವುದಕ್ಕೂ ಬಲ ಗಳಿಸುವುದಕ್ಕೂ ಇರುವ ಈ ನಂಟು ಅರ್ಥವಾದರೆ, ದಿನಚರಿಯನ್ನು ಹೇಗೆ ಹೊಂದಿಸಬೇಕೆಂಬುದು ತಾನಾಗಿ ತಿಳಿಯುತ್ತದೆ.

ಮೊದಲ ಆರು ವಾರ: ನೀಡುವುದು ಮೊದಲು, ಮಡಚುವುದು ಆಮೇಲೆ

ಎಲ್ಲರೂ ಕೇಳುವ ಪ್ರಶ್ನೆ ಎಷ್ಟು ಡಿಗ್ರಿ ಮಡಚಲು ಬರುತ್ತದೆ ಎಂಬುದು. ಆದರೆ ಮಂಡಿ ಪೂರ್ತಿ ನೇರವಾಗುತ್ತದೆಯೇ ಎಂಬ ಪ್ರಶ್ನೆ ಅದಕ್ಕಿಂತ ಮುಖ್ಯ ಎಂಬುದು ನನ್ನ ಅಭಿಪ್ರಾಯ. ಐದು ಹತ್ತು ಡಿಗ್ರಿಯಷ್ಟು ಬಾಗಿಯೇ ಉಳಿದ ಮಂಡಿಯಲ್ಲಿ ನಿಂತಾಗಲೆಲ್ಲ ತೊಡೆ ದುಡಿಯುತ್ತಲೇ ಇರಬೇಕಾಗುತ್ತದೆ, ಆ ಕಾಲು ತುಸು ಗಿಡ್ಡವಾದಂತಾಗಿ ನಡಿಗೆ ಕುಂಟುತ್ತದೆ, ಕ್ರಮೇಣ ಸೊಂಟವೂ ಇನ್ನೊಂದು ಮಂಡಿಯೂ ಅದರ ಹೊರೆಯನ್ನು ಹೊರಬೇಕಾಗುತ್ತದೆ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಗಟ್ಟಿಯಾದ ಹಾಸಿಗೆಯ ಮೇಲೆ ಕಾಲು ನೀಡಿ ಕುಳಿತು, ಹಿಮ್ಮಡಿಯ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟು, ಮಂಡಿಯ ಹಿಂಭಾಗ ಗಾಳಿಯಲ್ಲಿ ತೂಗುವಂತೆ ಬಿಡಬೇಕು. ಈಗ ಪಾದದ ಬೆರಳುಗಳನ್ನು ತನ್ನತ್ತ ಎಳೆದುಕೊಂಡು, ಮಂಡಿಯನ್ನು ಹಾಸಿಗೆಯತ್ತ ಒತ್ತಿ ಐದು ಸೆಕೆಂಡ್ ಹಿಡಿಯಬೇಕು. ಸರಿಯಾಗಿ ಮಾಡಿದಾಗ ಮಂಡಿಚಿಪ್ಪು ತೊಡೆಯ ಕಡೆಗೆ ಚೂರು ಜಾರುವುದು ಕಾಣುತ್ತದೆ. ತೊಡೆಯ ಒಳಬದಿಯಲ್ಲಿ, ಚಿಪ್ಪಿನ ಸ್ವಲ್ಪ ಮೇಲೆ, ಮೊದಲು ಮೆತ್ತಗಿದ್ದ ಮಾಂಸ ಬೆರಳಿಗೆ ಗಟ್ಟಿಯಾಗಿ ತಗಲುತ್ತದೆ. ಚಿಪ್ಪು ಕದಲದೆ ಪೃಷ್ಠ ಮಾತ್ರ ಬಿಗಿಯುತ್ತಿದ್ದರೆ ಕೆಲಸ ಬೇರೆಡೆ ನಡೆಯುತ್ತಿದೆ ಎಂದರ್ಥ. ಹೀಗೆ ಹತ್ತು ಬಾರಿ ಒತ್ತಿದ ಮೇಲೆ, ಏನೂ ಮಾಡದೆ ಐದರಿಂದ ಹತ್ತು ನಿಮಿಷ ಕಾಲನ್ನು ಅದೇ ಭಂಗಿಯಲ್ಲಿ ಬಿಟ್ಟರೆ ಮಂಡಿಯ ಹಿಂಭಾಗದ ಬಿಗಿತ ತನ್ನ ಭಾರಕ್ಕೆ ತಾನೇ ಸಡಿಲುತ್ತದೆ. ದಿನಕ್ಕೆ ಮೂರು ನಾಲ್ಕು ಬಾರಿ ಇದನ್ನು ಮಾಡುವುದು ಒಳ್ಳೆಯದು.

ಹಾಯೆನಿಸುತ್ತದೆಂದು ಮಂಡಿಯ ಕೆಳಗೆ ದಿಂಬು ಇಟ್ಟು ಮಲಗುವ ಅಭ್ಯಾಸವನ್ನು ಮಾತ್ರ ಖಂಡಿತ ಬಿಡಬೇಕು. ರಾತ್ರಿಯಿಡೀ ಬಾಗಿದ ಮಂಡಿ ಹಾಗೆಯೇ ಗಟ್ಟಿಯಾಗಲು ಕಲಿಯುತ್ತದೆ. ದಿಂಬು ಬೇಕೆಂದರೆ ಹಿಮ್ಮಡಿ ಅಥವಾ ಮೀನಖಂಡದ ಕೆಳಗಿರಲಿ.

ಮಡಚುವಿಕೆಗೆ ಬಂದರೆ, ಸಮತಟ್ಟಾದ ನೆಲದ ಮೇಲೆ ನಡೆಯಲು ಸುಮಾರು 65 ರಿಂದ 70 ಡಿಗ್ರಿ, ಮೆಟ್ಟಿಲು ಹತ್ತಿಳಿಯಲು 85 ರಿಂದ 100, ಸಾಮಾನ್ಯ ಎತ್ತರದ ಕುರ್ಚಿಯಿಂದ ಸಲೀಸಾಗಿ ಏಳಲು 95 ರಿಂದ 105, ಬಾಗಿ ಬೂಟಿನ ದಾರ ಕಟ್ಟಲು 105ರ ಆಸುಪಾಸು ಬೇಕಾಗುತ್ತದೆ. ಎರಡು ವಾರಗಳ ಹೊತ್ತಿಗೆ 90 ಡಿಗ್ರಿ, ಆರರಿಂದ ಹನ್ನೆರಡು ವಾರಗಳಲ್ಲಿ 110 ರಿಂದ 120 ಎಂಬುದು ಬಹುತೇಕ ಚಿಕಿತ್ಸಕರು ಇಟ್ಟುಕೊಳ್ಳುವ ಗುರಿ. ಶಸ್ತ್ರಚಿಕಿತ್ಸೆಗೆ ಮುಂಚೆ ಮಂಡಿ ಎಷ್ಟು ಮಡಚುತ್ತಿತ್ತು ಎಂಬುದೇ ನಂತರದ ಅಳತೆಯನ್ನು ಬಹುಮಟ್ಟಿಗೆ ನಿರ್ಧರಿಸುವುದರಿಂದ, ವರ್ಷಗಟ್ಟಲೆ ಸೆಟೆದುಕೊಂಡಿದ್ದ ಮಂಡಿಯವರು ಪಕ್ಕದ ಹಾಸಿಗೆಯ ರೋಗಿಯೊಡನೆ ಹೋಲಿಸಿಕೊಂಡು ಕೊರಗುವುದರಲ್ಲಿ ಹುರುಳಿಲ್ಲ. ಕುರ್ಚಿಯಲ್ಲಿ ಕುಳಿತು ಹಿಮ್ಮಡಿಯನ್ನು ನೆಲದ ಮೇಲೆ ಹಿಂದಕ್ಕೆ ಜಾರಿಸಿ, ಬಿಗಿತ ತಟ್ಟಿದ ಕಡೆ ಪಾದವನ್ನು ಅಲುಗಿಸದೆ ದೇಹವನ್ನೇ ಮುಂದಕ್ಕೆ ಸರಿಸುವುದು ಮಡಚುವಿಕೆ ಹೆಚ್ಚಿಸುವ ಸುಲಭ ಉಪಾಯ. ಹಾಸಿಗೆಗೆ ಜೋಡಿಸುವ, ಕಾಲನ್ನು ತಾನೇ ಮಡಚಿ ನೀಡುವ ಯಂತ್ರದ ಮೇಲೆ ಕೆಲವರಿಗೆ ಅಪಾರ ನಂಬಿಕೆಯಿದೆ. ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಅದರಿಂದ ಗಣನೀಯ ಲಾಭ ಕಂಡಿಲ್ಲ. ಸ್ವಂತ ಸ್ನಾಯುವಿನಿಂದ ಮಾಡಿದ ಚಲನೆಗೆ ಅದು ಬದಲಿಯಲ್ಲ.

ಆರು ವಾರ ಕಳೆದರೂ 90 ಡಿಗ್ರಿ ದಾಟದಿದ್ದರೆ, ಅಥವಾ ವಾರದಿಂದ ವಾರಕ್ಕೆ ಅಳತೆ ಕಡಿಮೆಯಾಗುತ್ತಿದ್ದರೆ, ಸರಿಹೋಗಬಹುದೆಂದು ಕಾಯದೆ ಶಸ್ತ್ರಚಿಕಿತ್ಸಕರಿಗೆ ತಿಳಿಸಬೇಕು. ಅರಿವಳಿಕೆ ಕೊಟ್ಟು ಮಂಡಿಯನ್ನು ಮಡಚಿ ಒಳಗಿನ ಅಂಟುಗಳನ್ನು ಬಿಡಿಸುವ ವಿಧಾನವೊಂದಿದೆ. ಅದು ಮೊದಲ ಮೂರು ತಿಂಗಳೊಳಗೆ ಹೆಚ್ಚು ಫಲ ಕೊಡುತ್ತದೆ.

ಊತವನ್ನು ಓದಿ ತಿಳಿಯುವುದು

ಮಂಡಿಯ ಊತ ಮೂರರಿಂದ ಆರು ತಿಂಗಳು ಇರುವುದು ಸಾಮಾನ್ಯ. ಸಂಜೆಯ ಹೊತ್ತಿಗೆ ಕಾಣಿಸಿಕೊಳ್ಳುವ ತುಸು ಬಾವು ಒಂದು ವರ್ಷದವರೆಗೂ ಇರಬಹುದು. ಮುಟ್ಟಿದರೆ ಇನ್ನೊಂದು ಮಂಡಿಗಿಂತ ಬೆಚ್ಚಗಿರುವುದೂ ಹಲವು ತಿಂಗಳು ಮುಂದುವರಿಯುತ್ತದೆ. ಇವೆರಡಕ್ಕೂ ಹೆದರಬೇಕಾಗಿಲ್ಲ.

ಇವತ್ತು ಮಾಡಿದ್ದು ಹೆಚ್ಚಾಯಿತೇ ಎಂಬುದಕ್ಕೆ ಉತ್ತರ ಮರುದಿನ ಬೆಳಿಗ್ಗೆ ಸಿಗುತ್ತದೆ. ವ್ಯಾಯಾಮದ ನಂತರದ ನೋವು ಒಂದೆರಡು ಗಂಟೆಯಲ್ಲಿ ಇಳಿದು, ಬೆಳಿಗ್ಗೆ ಮಂಡಿ ಹಿಂದಿನ ದಿನದಷ್ಟೇ ಮಡಚುತ್ತಿದ್ದರೆ ಪ್ರಮಾಣ ಸರಿಯಾಗಿದೆ. ಬೆಳಿಗ್ಗೆ ಊತ ಹೆಚ್ಚಿದ್ದು ಮಡಚುವಿಕೆ ಕುಗ್ಗಿದ್ದರೆ, ಹಿಂದಿನ ದಿನದ ನಡಿಗೆಯನ್ನೋ ವ್ಯಾಯಾಮವನ್ನೋ ಮೂರನೇ ಒಂದು ಭಾಗ ತಗ್ಗಿಸಬೇಕು, ಪೂರ್ತಿ ನಿಲ್ಲಿಸಬಾರದು. ಸಂಶಯವಿದ್ದರೆ ಮಂಡಿಚಿಪ್ಪಿನ ನಡುಭಾಗದ ಸುತ್ತಳತೆಯನ್ನು ದರ್ಜಿಯ ಟೇಪಿನಿಂದ ದಿನವೂ ಒಂದೇ ಹೊತ್ತಿಗೆ ಅಳೆದು ಬರೆದಿಟ್ಟುಕೊಳ್ಳಬಹುದು.

ಊತ ಇಳಿಸಲು ಕಾಲನ್ನು ಎತ್ತರಿಸುವುದೆಂದರೆ ಗಿಡ್ಡ ಸ್ಟೂಲಿನ ಮೇಲೆ ಪಾದ ಇಟ್ಟು ಕುಳಿತುಕೊಳ್ಳುವುದಲ್ಲ. ಬೆನ್ನ ಮೇಲೆ ಮಲಗಿ, ಪಾದ ಎದೆಯ ಮಟ್ಟಕ್ಕಿಂತ ಮೇಲಿರುವಂತೆ, ಮಂಡಿ ನೇರವಾಗಿರುವಂತೆ ದಿಂಬುಗಳನ್ನು ಜೋಡಿಸಬೇಕು. ಬಟ್ಟೆ ಸುತ್ತಿದ ಐಸ್ ಪ್ಯಾಕನ್ನು 15 ರಿಂದ 20 ನಿಮಿಷ ಇಡಬಹುದು. ಮಂಡಿಯ ಹೊರಬದಿಯಲ್ಲಿ ಸ್ಪರ್ಶ ಮಂದವಾಗಿರುವುದರಿಂದ ಚರ್ಮ ಮರಗಟ್ಟುವುದು ಗೊತ್ತಾಗದೇ ಹೋಗಬಹುದು, ಹಾಗಾಗಿ ಗಡಿಯಾರ ನೋಡಿಕೊಂಡೇ ಇಡಬೇಕು. ಆ ಮಂದತೆಗೆ ಕಾರಣ, ಗಾಯದ ದಾರಿಯಲ್ಲಿ ಚರ್ಮದ ಒಂದು ಸಣ್ಣ ನರ ಅನಿವಾರ್ಯವಾಗಿ ಕತ್ತರಿಸಿಹೋಗುವುದು. ತಿಂಗಳುಗಳು ಕಳೆದಂತೆ ಜೋಮಿನ ಪ್ರದೇಶ ಕಿರಿದಾಗುತ್ತದೆ, ಕೆಲವರಲ್ಲಿ ಅಂಗೈಯಗಲದ ಜಾಗ ಶಾಶ್ವತವಾಗಿ ಉಳಿಯುತ್ತದೆ. ನಡಿಗೆಗೆ ಅದರಿಂದ ಯಾವ ತೊಂದರೆಯೂ ಇಲ್ಲ.

ಕುಂಟನ್ನು ಬಿಡಿಸುವುದು

ಶಸ್ತ್ರಚಿಕಿತ್ಸೆಗೆ ಮುಂಚೆ ಹಲವು ವರ್ಷ ನೋವಿನಿಂದ ಕುಂಟಿ ನಡೆದವರ ಮಿದುಳಿನಲ್ಲಿ ಆ ಕುಂಟೇ ನಡಿಗೆಯಾಗಿ ಅಚ್ಚೊತ್ತಿರುತ್ತದೆ. ನೋವಿನ ಮೂಲ ಹೋದ ಮೇಲೂ ಅದು ತಾನಾಗಿ ಬಿಡುವುದಿಲ್ಲ, ಬೇಕೆಂದೇ ಬಿಡಿಸಬೇಕು.

ಊರುಗೋಲನ್ನು ಶಸ್ತ್ರಚಿಕಿತ್ಸೆಯಾದ ಕಾಲಿಗೆ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು, ಆ ಕಾಲು ಮುಂದೆ ಬರುವಾಗಲೇ ಕೋಲೂ ಮುಂದೆ ಬರಬೇಕು. ನೋವಿರುವ ಬದಿಯಲ್ಲೇ ಕೋಲು ಹಿಡಿದು ಅದರ ಮೇಲೆ ವಾಲಿಕೊಂಡು ನಡೆಯುವವರನ್ನು ನೋಡುತ್ತಲೇ ಇರುತ್ತೇವೆ. ಅದು ಕುಂಟನ್ನು ಇನ್ನಷ್ಟು ಗಟ್ಟಿಮಾಡುತ್ತದೆ. ಕೋಲಿಲ್ಲದೆ ಎಷ್ಟು ಬೇಗ ನಡೆದೆ ಎಂಬುದು ಹೆಮ್ಮೆಯ ವಿಷಯವಾಗಬಾರದು. ಕೋಲಿನೊಂದಿಗೆ ನೇರವಾಗಿ ನಡೆಯುವುದು, ಕೋಲಿಲ್ಲದೆ ವಾಲಾಡುತ್ತ ನಡೆಯುವುದಕ್ಕಿಂತ ಎಷ್ಟೋ ಮೇಲು.

ನಡೆಯುವಾಗ ಮೂರು ವಿಷಯಗಳ ಮೇಲೆ ಗಮನವಿರಲಿ. ಹಿಮ್ಮಡಿ ಮೊದಲು ನೆಲ ಮುಟ್ಟಬೇಕು, ಆ ಕ್ಷಣದಲ್ಲಿ ಮಂಡಿ ನೇರವಾಗಿರಬೇಕು. ಕಾಲು ಗಾಳಿಯಲ್ಲಿ ಮುಂದಕ್ಕೆ ಬರುವಾಗ ಮಂಡಿ ಸಲೀಸಾಗಿ ಮಡಚಬೇಕು. ಮರದ ಕಾಲಿನಂತೆ ಸೊಂಟದಿಂದ ಸುತ್ತಿ ಎಸೆಯಬಾರದು. ಎರಡೂ ಹೆಜ್ಜೆಗಳ ಉದ್ದ ಒಂದೇ ಇರಬೇಕು. ಮೂರನೆಯದೇ ಹೆಚ್ಚು ಜನ ತಪ್ಪುವ ಕಡೆ. ಹೊಸ ಮಂಡಿಯ ಮೇಲೆ ನಿಲ್ಲುವ ಹೊತ್ತನ್ನು ಅರಿವಿಲ್ಲದೆ ಕಡಿತಗೊಳಿಸಿ ಇನ್ನೊಂದು ಕಾಲನ್ನು ಅವಸರವಾಗಿ ಊರುತ್ತಾರೆ. ಗಟ್ಟಿ ನೆಲದ ಮೇಲೆ ನಡೆದು ಹೆಜ್ಜೆಯ ಸದ್ದನ್ನು ಕೇಳಿಸಿಕೊಂಡರೆ ಇದು ಗೊತ್ತಾಗುತ್ತದೆ: ಸದ್ದುಗಳ ನಡುವಿನ ಅಂತರ ಒಂದು ಉದ್ದ, ಒಂದು ಗಿಡ್ಡ ಎಂದು ಬರುತ್ತಿದ್ದರೆ ಕುಂಟು ಇನ್ನೂ ಇದೆ. ಯಾರಾದರೂ ಹಿಂದಿನಿಂದಲೂ ಪಕ್ಕದಿಂದಲೂ ಮೊಬೈಲಿನಲ್ಲಿ ಚಿತ್ರೀಕರಿಸಿದರೆ ಇನ್ನೂ ಒಳ್ಳೆಯದು, ಏಕೆಂದರೆ ಒಳಗಿನಿಂದ ನೇರವೆನಿಸುವ ನಡಿಗೆ ಹೊರಗಿನಿಂದ ಹಾಗೆ ಕಾಣುವುದು ಅಪರೂಪ.

ದೂರವನ್ನು ಒಮ್ಮೆಲೇ ಹೆಚ್ಚಿಸುವ ಬದಲು ಚಿಕ್ಕ ನಡಿಗೆಗಳನ್ನು ದಿನಕ್ಕೆ ಹಲವು ಬಾರಿ ಮಾಡುವುದು ಊತದ ದೃಷ್ಟಿಯಿಂದ ಲೇಸು. ಆಯಾಸದಿಂದ ಕುಂಟು ಮರುಕಳಿಸಿದ ಕಡೆಗೆ ಆ ನಡಿಗೆಯನ್ನು ಮುಗಿಸಬೇಕು.

ಮೂರನೆಯ ತಿಂಗಳಿನಿಂದ: ಬಲದ ಕೆಲಸ

ಇಲ್ಲಿಂದ ಮುಂದಿನದು ಯಾರೂ ಬೆನ್ನು ಹತ್ತಿ ಮಾಡಿಸದ ಕೆಲಸ, ಹಾಗಾಗಿಯೇ ಹೆಚ್ಚು ಜನ ಬಿಟ್ಟುಬಿಡುವ ಕೆಲಸ. ಮಲಗಿಕೊಂಡು ಕಾಲು ಎತ್ತುವ ಮೊದಲ ವಾರಗಳ ವ್ಯಾಯಾಮವನ್ನೇ ಆರು ತಿಂಗಳು ಮುಂದುವರಿಸಿದರೆ ಬಲ ಹೆಚ್ಚುವುದಿಲ್ಲ, ಏಕೆಂದರೆ ಸ್ನಾಯುವಿಗೆ ಅದು ಆ ಹೊತ್ತಿಗೆ ಹಗುರವಾಗಿರುತ್ತದೆ. ಭಾರ ಕ್ರಮೇಣ ಏರಬೇಕು. ಎಂಟರಿಂದ ಹನ್ನೆರಡು ಬಾರಿ ಮಾಡುವಷ್ಟರಲ್ಲಿ ತೊಡೆ ನಿಜಕ್ಕೂ ದಣಿಯಬೇಕು. ವಾರಕ್ಕೆ ಎರಡು ಮೂರು ದಿನ, ನಡುವೆ ಬಿಡುವು ಇಟ್ಟು ಮಾಡಿದರೆ ಸಾಕು.

ಕುರ್ಚಿಯಿಂದ ಏಳುವುದು ಇವುಗಳಲ್ಲಿ ಅತ್ಯಂತ ಉಪಯುಕ್ತವಾದದ್ದು, ಜೊತೆಗೆ ಅತ್ಯಂತ ಸುಲಭವಾಗಿ ಮೋಸವಾಗುವಂಥದ್ದು. ಕೈಕಟ್ಟಿಕೊಂಡು ಎದ್ದು ನಿಂತಾಗ ಎಲ್ಲ ಸರಿಯಿದೆ ಎನಿಸುತ್ತದೆ. ಆದರೆ ಎದುರಿಗೆ ಕನ್ನಡಿಯಿಟ್ಟು ನೋಡಿದರೆ, ಹೊಸ ಮಂಡಿಯ ಪಾದ ಇನ್ನೊಂದಕ್ಕಿಂತ ನಾಲ್ಕು ಬೆರಳು ಮುಂದೆ ಸರಿದಿರುತ್ತದೆ, ಎದೆ ಒಳ್ಳೆಯ ಕಾಲಿನತ್ತ ಓರೆಯಾಗಿರುತ್ತದೆ, ಪೃಷ್ಠದ ಒಂದು ಬದಿ ಮೊದಲು ಆಸನ ಬಿಟ್ಟಿರುತ್ತದೆ. ಅಂದರೆ ಎದ್ದದ್ದು ಒಂದೇ ಕಾಲಿನಿಂದ. ಎರಡೂ ಪಾದಗಳನ್ನು ಸಮನಾಗಿ ಹಿಂದಕ್ಕೆ ಇಟ್ಟು, ಭಾರ ಎರಡಕ್ಕೂ ಸಮನಾಗಿ ಹಂಚುವಂತೆ ನಿಧಾನವಾಗಿ ಎದ್ದು, ಅದಕ್ಕಿಂತ ನಿಧಾನವಾಗಿ ಕೂರಬೇಕು. ಮೊದಲು ಆಸನದ ಮೇಲೆ ದಿಂಬು ಹಾಕಿ ಎತ್ತರಿಸಿಕೊಂಡು, ವಾರಗಳು ಕಳೆದಂತೆ ಎತ್ತರ ಇಳಿಸಿ, ಕೊನೆಗೆ ಹೊಸ ಮಂಡಿಯ ಪಾದವನ್ನೇ ತುಸು ಹಿಂದಿಟ್ಟು ಅದಕ್ಕೆ ಹೆಚ್ಚಿನ ಪಾಲು ಭಾರ ಕೊಟ್ಟರೆ ಬಲ ಏರುತ್ತದೆ. 30 ಸೆಕೆಂಡುಗಳಲ್ಲಿ ಕೈಯೂರದೆ ಎಷ್ಟು ಬಾರಿ ಎದ್ದು ಕೂರಬಲ್ಲಿರಿ ಎಂಬುದನ್ನು ತಿಂಗಳಿಗೊಮ್ಮೆ ಎಣಿಸಿಟ್ಟುಕೊಳ್ಳುವುದು ಒಳ್ಳೆಯ ಮಾಪನ. ಚಿಕಿತ್ಸಕರೂ ಇದನ್ನೇ ಬಳಸುತ್ತಾರೆ.

ಮೆಟ್ಟಿಲಿನಲ್ಲಿ ಮೊದಲ ವಾರಗಳ ನಿಯಮ ಹೀಗಿದೆ: ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಶಸ್ತ್ರಚಿಕಿತ್ಸೆಯಾದ ಕಾಲು ಮೊದಲು, ಒಂದೊಂದು ಮೆಟ್ಟಿಲಿಗೂ ಎರಡೂ ಪಾದ. ಇದು ಶಾಶ್ವತ ನಿಯಮವಲ್ಲ, ಆದರೂ ಎಷ್ಟೋ ಜನ ವರ್ಷಗಟ್ಟಲೆ ಇದನ್ನೇ ಪಾಲಿಸುತ್ತಾರೆ. ಒಳಗೆ ಅಳತೆಯ ಸಾಧನವಿರುವ ಕೃತಕ ಕೀಲುಗಳಿಂದ ತಿಳಿದುಬಂದಂತೆ, ಸಮತಟ್ಟಿನಲ್ಲಿ ನಡೆಯುವಾಗ ಮಂಡಿಯ ಮೇಲೆ ದೇಹತೂಕದ ಸುಮಾರು ಎರಡೂವರೆ ಪಟ್ಟು, ಮೆಟ್ಟಿಲು ಇಳಿಯುವಾಗ ಸುಮಾರು ಮೂರೂವರೆ ಪಟ್ಟು ಒತ್ತಡ ಬೀಳುತ್ತದೆ. ಇಳಿಯುವುದು ಕಷ್ಟವೆನಿಸುವುದು ಹೊಸ ಕೀಲಿನ ದೋಷದಿಂದಲ್ಲ. ಆ ಒತ್ತಡವನ್ನು ತಡೆದು ದೇಹವನ್ನು ನಿಧಾನವಾಗಿ ಕೆಳಗಿಳಿಸುವ ತೊಡೆಯ ಶಕ್ತಿ ಇನ್ನೂ ಸಾಲದೆ. ಅಭ್ಯಾಸಕ್ಕೆ ಒಂದು ಗೇಣಿಗಿಂತ ಕಡಿಮೆ ಎತ್ತರದ, ಕದಲದ ಮಣೆಯ ಮೇಲೆ ಹೊಸ ಮಂಡಿಯ ಕಾಲಿನಲ್ಲಿ ನಿಂತು, ಗೋಡೆಯನ್ನೋ ಕಂಬಿಯನ್ನೋ ಹಿಡಿದು, ಇನ್ನೊಂದು ಕಾಲಿನ ಹಿಮ್ಮಡಿಯನ್ನು ಮುಂದಿನ ನೆಲಕ್ಕೆ ಸದ್ದಾಗದಂತೆ ತಾಗಿಸಿ ಮತ್ತೆ ಮೇಲೆತ್ತಬೇಕು. ಧೊಪ್ಪನೆ ಬಿದ್ದರೆ ಎತ್ತರ ಹೆಚ್ಚಾಯಿತು ಎಂದರ್ಥ. ಮಂಡಿ ಒಳಗೆ ವಾಲದೆ ಪಾದದ ಎರಡನೆಯ ಬೆರಳಿನ ನೇರಕ್ಕೇ ಬಾಗುತ್ತಿರಬೇಕು.

ನಿಂತಲ್ಲೇ ತುಳಿಯುವ ಸೈಕಲ್ ಈ ಹಂತಕ್ಕೆ ಹೇಳಿ ಮಾಡಿಸಿದಂತಿದೆ. ಪೆಡಲನ್ನು ಪೂರ್ತಿ ಒಂದು ಸುತ್ತು ತಿರುಗಿಸಲು 105 ರಿಂದ 110 ಡಿಗ್ರಿ ಮಡಚುವಿಕೆ ಬೇಕಾಗುವುದರಿಂದ, ಆರಂಭದಲ್ಲಿ ಸೀಟನ್ನು ಎತ್ತರಿಸಿ, ಸುತ್ತು ಪೂರ್ತಿಯಾಗದಿದ್ದರೆ ಹಿಂದೆ ಮುಂದೆ ತೂಗಾಡಿಸಿ, ಮೊದಲು ಹಿಮ್ಮುಖವಾಗಿ ಸುತ್ತು ಮುಗಿಸಿ ಆಮೇಲೆ ಮುಮ್ಮುಖಕ್ಕೆ ಬರಬಹುದು. ಈಜು, ನೀರಿನೊಳಗಿನ ನಡಿಗೆ ಎರಡೂ ಚೆನ್ನ, ಆದರೆ ಗಾಯ ಸಂಪೂರ್ಣ ಮುಚ್ಚಿ ವೈದ್ಯರು ಒಪ್ಪಿದ ಮೇಲಷ್ಟೇ.

ಪೃಷ್ಠದ ಹೊರಬದಿಯ ಸ್ನಾಯು ಮತ್ತು ಮೀನಖಂಡವನ್ನೂ ಮರೆಯಬಾರದು. ಗೋಡೆ ಹಿಡಿದು ಕಾಲನ್ನು ಪಕ್ಕಕ್ಕೆ ಎತ್ತುವುದು, ಹಿಮ್ಮಡಿ ಎತ್ತಿ ಬೆರಳ ಮೇಲೆ ನಿಲ್ಲುವುದು ಸಾಕು. ಸಮತೋಲನಕ್ಕಾಗಿ, ಆಸರೆ ಕೈಗೆಟುಕುವಷ್ಟು ಹತ್ತಿರವಿರುವಲ್ಲಿ ಹೊಸ ಮಂಡಿಯ ಕಾಲೊಂದರ ಮೇಲೆ ನಿಲ್ಲುವ ಅಭ್ಯಾಸವನ್ನು ಹತ್ತು ಸೆಕೆಂಡಿನಿಂದ ಆರಂಭಿಸಿ ಬೆಳೆಸಬಹುದು.

ನೋವು, ನಿದ್ದೆ, ಬೇಸರ

ಮೊದಲ ಎರಡು ತಿಂಗಳ ನಿದ್ರಾಭಂಗ ಬಹುತೇಕ ಎಲ್ಲರ ಅನುಭವ. ಮಲಗುವ ಹೊತ್ತಿಗೆ ಸರಿಯಾಗಿ ನೋವುನಿವಾರಕ ತೆಗೆದುಕೊಳ್ಳುವುದು, ಮಗ್ಗುಲಾಗಿ ಮಲಗುವುದಾದರೆ ಮಂಡಿಗಳ ನಡುವೆ ದಿಂಬಿಡುವುದು, ಹಗಲಿನ ನಿದ್ದೆಯನ್ನು ಕಡಿಮೆ ಮಾಡುವುದು ನೆರವಾಗುತ್ತವೆ. ನೋವುನಿವಾರಕವನ್ನು ಧೈರ್ಯದ ಪರೀಕ್ಷೆಯೆಂದು ಭಾವಿಸಿ ಮೊದಲ ವಾರಗಳಲ್ಲೇ ಬಿಟ್ಟವರು ವ್ಯಾಯಾಮವನ್ನೂ ಬಿಡುತ್ತಾರೆ. ವ್ಯಾಯಾಮಕ್ಕೆ ಅರ್ಧ ಗಂಟೆ ಮೊದಲು ಮಾತ್ರೆ ತೆಗೆದುಕೊಂಡು ಚೆನ್ನಾಗಿ ಮಾಡುವುದೇ ಜಾಣತನ. ಅಫೀಮು ವರ್ಗದ ಪ್ರಬಲ ಮಾತ್ರೆಗಳನ್ನು ಮಾತ್ರ ವೈದ್ಯರ ಸಲಹೆಯಂತೆ ಬೇಗನೆ ಇಳಿಸುತ್ತ ಬರಬೇಕು. ಅವು ಮಲಬದ್ಧತೆ, ಮಂಪರು, ಅವಲಂಬನೆ ಮೂರನ್ನೂ ತರುತ್ತವೆ.

ಆರನೆಯ ವಾರದ ಸುಮಾರಿಗೆ ಹಲವರಿಗೆ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡದ್ದೇ ತಪ್ಪೇನೋ ಎನಿಸುವುದುಂಟು. ನೆಂಟರಿಷ್ಟರ ವಿಚಾರಣೆ ನಿಂತಿರುತ್ತದೆ, ನೋವು ಮಾತ್ರ ನಿಂತಿರುವುದಿಲ್ಲ. ಬಹುಪಾಲು ಜನರಲ್ಲಿ ಆ ಭಾವನೆ ಮೂರು ನಾಲ್ಕು ತಿಂಗಳಲ್ಲಿ ಕರಗುತ್ತದೆ. ಆದರೆ ಇನ್ನೊಂದು ಸತ್ಯವನ್ನೂ ಮುಚ್ಚಿಡಬಾರದು: ಸುಮಾರು ಐವರಲ್ಲಿ ಒಬ್ಬರಿಗೆ ಒಂದಿಷ್ಟು ನೋವು ದೀರ್ಘಕಾಲ ಉಳಿಯುತ್ತದೆ. ಆರು ತಿಂಗಳ ನಂತರವೂ ನೋವು ನಿದ್ದೆ ಕೆಡಿಸುತ್ತಿದ್ದರೆ, ಅಭ್ಯಾಸವಾಗುತ್ತದೆ ಬಿಡಿ ಎಂಬ ಸಮಾಧಾನಕ್ಕೆ ಒಪ್ಪದೆ, ಸೋಂಕು, ಕೃತಕ ಕೀಲಿನ ಸಡಿಲಿಕೆ, ಮಂಡಿಚಿಪ್ಪಿನ ಚಲನೆ, ಸೊಂಟದ ಕೀಲು, ಬೆನ್ನುಹುರಿಯಿಂದ ಬರುವ ನರದ ಒತ್ತಡ ಇವೆಲ್ಲವನ್ನೂ ಪರೀಕ್ಷಿಸಲು ಕೇಳಬೇಕು. ಸೊಂಟದ ಕೀಲಿನ ಸವೆತ ಮಂಡಿಯಲ್ಲಿ ನೋವಾಗಿ ತೋರುವುದು ಅಪರೂಪವೇನಲ್ಲ.

ತಡಮಾಡಬಾರದ ಲಕ್ಷಣಗಳು

ಮಂಡಿಯೊಳಗೆ ಟಕ್ ಟಕ್ ಎನ್ನುವ ಸದ್ದು ನೋವಿಲ್ಲದಿದ್ದರೆ ನಿರಪಾಯಕಾರಿ. ಲೋಹ ಪ್ಲಾಸ್ಟಿಕ್ಕಿಗೆ ತಾಗುವ ಸದ್ದದು. ಆದರೆ ಮೀನಖಂಡದಲ್ಲಿ ಹೊಸದಾಗಿ ನೋವು, ಬಿಗಿತ, ಒಂದೇ ಕಾಲಿನಲ್ಲಿ ಏರುತ್ತಿರುವ ಊತ ಕಂಡರೆ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆಯಿದೆ, ಅದೇ ದಿನ ವೈದ್ಯರನ್ನು ಕಾಣಬೇಕು. ಉಸಿರಾಟಕ್ಕೆ ಹಠಾತ್ ತೊಂದರೆ, ಎದೆನೋವು, ಕಫದಲ್ಲಿ ರಕ್ತ ಕಂಡರೆ ತುರ್ತು ಚಿಕಿತ್ಸೆಗೆ ಹೋಗಬೇಕು. ಈ ಅಪಾಯ ಮೊದಲ ವಾರಗಳಲ್ಲಿ ಅತಿ ಹೆಚ್ಚು, ಸುಮಾರು ಮೂರು ತಿಂಗಳವರೆಗೂ ಇರುತ್ತದೆ; ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಔಷಧಿಯನ್ನು ಹೇಳಿದ ದಿನದವರೆಗೂ ತೆಗೆದುಕೊಳ್ಳಬೇಕು. ಗಾಯದಿಂದ ದ್ರವ ಒಸರುವುದು, ಕೆಂಪು ಹರಡುವುದು, ಜ್ವರ ನಡುಕ, ಇಳಿಯುತ್ತಿದ್ದ ನೋವು ಮತ್ತೆ ಏರುವುದು ಸೋಂಕಿನ ಸೂಚನೆಗಳು. ಇಂಥ ಹೊತ್ತಿನಲ್ಲಿ ಶಸ್ತ್ರಚಿಕಿತ್ಸಕರಿಗೆ ತೋರಿಸದೆ ಮನೆಯಲ್ಲಿರುವ ಆಂಟಿಬಯಾಟಿಕ್ ನುಂಗುವುದು ಅಪಾಯಕಾರಿ, ಏಕೆಂದರೆ ಅದು ಸೋಂಕನ್ನು ಗುಣಪಡಿಸದೆ ಪರೀಕ್ಷೆಯಲ್ಲಿ ಮರೆಮಾಚಿಬಿಡಬಹುದು.

ವಾಹನ, ಕೆಲಸ, ಆಟ, ಮಂಡಿಯೂರುವುದು

ವಾಹನ ಚಾಲನೆಗೆ ಮರಳುವ ಕಾಲ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ; ಬ್ರೇಕ್ ಒತ್ತುವ ಕಾಲಿಗೇ ಶಸ್ತ್ರಚಿಕಿತ್ಸೆಯಾಗಿದ್ದರೆ ಇನ್ನೂ ಎಚ್ಚರ ಬೇಕು. ಮಂಪರು ತರುವ ಮಾತ್ರೆ ನಿಂತಿರಬೇಕು, ಗಾಬರಿಯಲ್ಲಿ ಬ್ರೇಕನ್ನು ಪೂರ್ಣ ಬಲದಿಂದ ತುಳಿಯಲು ಅಳುಕಿರಬಾರದು. ಕುಳಿತು ಮಾಡುವ ಕೆಲಸಕ್ಕೆ ಆರು ವಾರದ ಸುಮಾರಿಗೆ, ನಿಂತು ಅಥವಾ ಭಾರ ಹೊತ್ತು ಮಾಡುವ ಕೆಲಸಕ್ಕೆ ಮೂರು ತಿಂಗಳು ಅಥವಾ ಇನ್ನೂ ತಡವಾಗಿ ಮರಳುವವರು ಹೆಚ್ಚು. ಕುಳಿತೇ ಇರುವ ಕೆಲಸದಲ್ಲಿ ಮುಕ್ಕಾಲು ಗಂಟೆಗೊಮ್ಮೆ ಎದ್ದು ಓಡಾಡದಿದ್ದರೆ ಮಂಡಿ ಸೆಟೆದುಕೊಳ್ಳುತ್ತದೆ.

ವೇಗದ ನಡಿಗೆ, ಸೈಕಲ್, ಈಜು, ಸೌಮ್ಯ ನೃತ್ಯ, ಗಾಲ್ಫ್ ಎಲ್ಲಕ್ಕೂ ಅಡ್ಡಿಯಿಲ್ಲ. ಓಟ, ಜಿಗಿತ, ಮೈಗೆ ಮೈ ತಾಗಿಸುವ ಆಟಗಳನ್ನು ಹೆಚ್ಚಿನ ಶಸ್ತ್ರಚಿಕಿತ್ಸಕರು ಬೇಡವೆನ್ನುತ್ತಾರೆ.

ಮಂಡಿಯೂರುವುದರ ಬಗ್ಗೆ ಅನಗತ್ಯ ಭಯ ಹರಡಿದೆ. ಗಾಯ ಮಾಗಿದ ಮೇಲೆ, ವೈದ್ಯರ ನಿಷೇಧವಿಲ್ಲದಿದ್ದರೆ, ಮಂಡಿಯೂರುವುದರಿಂದ ಕೃತಕ ಕೀಲಿಗೆ ಹಾನಿಯಾಗುತ್ತದೆಂಬುದಕ್ಕೆ ಆಧಾರವಿಲ್ಲ. ಮುಂಭಾಗದ ಚರ್ಮದ ಜೋಮು ಮತ್ತು ಎಳೆತದಿಂದ ಹಿತವೆನಿಸುವುದಿಲ್ಲ, ಅಷ್ಟೇ. ಮೊದಲು ಹಾಸಿಗೆಯ ಮೇಲೆ, ಆಮೇಲೆ ದಪ್ಪ ಮೆತ್ತೆಯ ಮೇಲೆ ಅಭ್ಯಾಸ ಮಾಡಬಹುದು. ಇದರ ಉಪಯೋಗ ತಿಳಿಯುವುದು ಎಂದಾದರೂ ನೆಲಕ್ಕೆ ಬಿದ್ದಾಗ: ಮಗ್ಗುಲಾಗಿ ಹೊರಳಿ, ಅಂಗೈ ಮಂಡಿಗಳ ಮೇಲೆ ಬಂದು, ಗಟ್ಟಿ ಆಸನದತ್ತ ತೆವಳಿ, ಒಳ್ಳೆಯ ಕಾಲಿನ ಪಾದವನ್ನು ಮುಂದೆ ಊರಿ ಏಳುವ ಕ್ರಮವನ್ನು ಆರು ತಿಂಗಳ ಹೊತ್ತಿಗೆ ಫಿಸಿಯೋಥೆರಪಿಸ್ಟರ ಎದುರು ಒಮ್ಮೆ ಮಾಡಿ ನೋಡಿರಬೇಕು. ಪೂರ್ತಿ ಕುಕ್ಕರುಗಾಲಿನಲ್ಲಿ ಕೂರುವುದು ಮಾತ್ರ ಬಹುತೇಕ ಕೃತಕ ಮಂಡಿಗಳಿಗೆ ಒಗ್ಗುವುದಿಲ್ಲ.

ವರ್ಷ ತುಂಬಿದ ಮೇಲೆ

ಕೀಲು ಬದಲಾವಣೆಯ ದೊಡ್ಡ ನೋಂದಣಿಗಳ ದಾಖಲೆಗಳನ್ನು ಸೇರಿಸಿ 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಪೂರ್ಣ ಮಂಡಿ ಬದಲಾವಣೆಗಳಲ್ಲಿ ಶೇಕಡ 82ರಷ್ಟು 25 ವರ್ಷ ಬಾಳುತ್ತವೆ. ಬಾಳಿಕೆಗೆ ರೋಗಿಯ ಕೈಯಲ್ಲಿರುವುದು ತೂಕದ ಹತೋಟಿ, ತೊಡೆಯ ಬಲ, ಬೀಳದಂತಿರುವ ಎಚ್ಚರ ಮತ್ತು ಕ್ರಮದ ತಪಾಸಣೆ. ನೋವಿಲ್ಲದಿದ್ದರೂ ಒಂದು ವರ್ಷಕ್ಕೆ, ಆಮೇಲೆ ವೈದ್ಯರು ಹೇಳಿದ ಅಂತರಕ್ಕೆ ಎಕ್ಸ್‌ರೇ ತೆಗೆಸಬೇಕು, ಏಕೆಂದರೆ ಮೂಳೆಯ ಅಂಚಿನ ಸವೆತ ಬಹಳ ಕಾಲ ಸದ್ದಿಲ್ಲದೆ ಸಾಗಬಲ್ಲದು. ವರ್ಷಗಟ್ಟಲೆ ಚೆನ್ನಾಗಿದ್ದ ಮಂಡಿಯಲ್ಲಿ ಎದ್ದ ಮೊದಲ ಕೆಲವು ಹೆಜ್ಜೆಗಳಲ್ಲಿ ಮಾತ್ರ ಹೊಸ ನೋವು ಬಂದರೆ ಅದು ಸಡಿಲಿಕೆಯ ಸೂಚನೆಯಿರಬಹುದು.

ಬೇರೆಡೆಯ ಸೋಂಕು ರಕ್ತದ ಮೂಲಕ ಹಲವು ವರ್ಷಗಳ ನಂತರವೂ ಕೃತಕ ಕೀಲಿಗೆ ತಲುಪಬಹುದು. ಹಲ್ಲಿನ ಬೇರಿನ ಕೀವು, ಮೂತ್ರದ ಸೋಂಕು, ಪಾದದ ವಾಸಿಯಾಗದ ಹುಣ್ಣು ಇವಕ್ಕೆ ಬೇಗನೆ ಚಿಕಿತ್ಸೆ ಪಡೆಯಬೇಕು. ಹಲ್ಲಿನ ಚಿಕಿತ್ಸೆಗೆ ಮುನ್ನ ಎಲ್ಲರಿಗೂ ಆಂಟಿಬಯಾಟಿಕ್ ಕೊಡುವ ಹಳೆಯ ಪದ್ಧತಿಯನ್ನು ಈಗಿನ ಮಾರ್ಗಸೂಚಿಗಳು ಸಾಮಾನ್ಯವಾಗಿ ಅನುಮೋದಿಸುವುದಿಲ್ಲ. ಮಧುಮೇಹ ಹತೋಟಿಯಲ್ಲಿಲ್ಲದವರು, ರೋಗನಿರೋಧಕ ಶಕ್ತಿ ಕುಂದಿದವರು, ಹಿಂದೆ ಕೀಲಿನ ಸೋಂಕಾಗಿದ್ದವರು ಮಾತ್ರ ಶಸ್ತ್ರಚಿಕಿತ್ಸಕರನ್ನು ಕೇಳಿ ನಿರ್ಧರಿಸಬೇಕು.

ಇನ್ನೊಂದು ಮಂಡಿಯೂ ಸವೆದಿದ್ದರೆ, ಅದರ ಶಸ್ತ್ರಚಿಕಿತ್ಸೆಯ ದಿನವನ್ನು ಗೊತ್ತುಮಾಡುವ ಮುನ್ನ ಮೊದಲನೆಯದು ಪೂರ್ತಿ ನೇರವಾಗುತ್ತದೆಯೇ, ಮೆಟ್ಟಿಲಿಗೆ ಒಂದೇ ಪಾದವಿಟ್ಟು ಇಳಿಯಲು ಬರುತ್ತದೆಯೇ ಎಂಬುದನ್ನು ನೋಡಿಕೊಳ್ಳಬೇಕು. ಮುಂದಿನ ಆರು ವಾರ ದೇಹದ ಭಾರವನ್ನೆಲ್ಲ ಹೊರಬೇಕಾದದ್ದು ಅದೇ ಕಾಲು.